ಅವ್ವನ ಬಾಲದ ಚುಕ್ಕಿ

7-3-1976, ಭಾನುವಾರ

ನಾನು ಸುಳ್ಳು ಹೇಳಲಿಲ್ಲ. ಆದರೂ ಬೆಳಗಿನಿಂದ ಸುಳ್ಳು ಹೇಳಿದವನಂತೆ ಓಡಾಡುತ್ತಿದ್ದೇನೆ.

ಕೋಳಿ ಕೂಗುವ ಹೊತ್ತಿಗೆ ಅವ್ವನನ್ನು ಎಬ್ಬಿಸಿ ಕುರಿರೊಪ್ಪದ ಹತ್ತಿರ ಕರೆದೊಯ್ದೆ. ಮೂಡಲಲ್ಲಿ ಈ ವರ್ಷ ಹೊಸದಾಗಿ ಕಾಣಿಸಿಕೊಂಡ ಧೂಮಕೇತು, ಉಣ್ಣೆ ಹಿಂಜಿ ಹರಡಿದ ಹಾಗೆ. ಅವ್ವ ಕತ್ತೆತ್ತಿ ಬಹಳ ಹೊತ್ತು ನೋಡಿ, "ನಂಗೆ ಬರೀ ಮಂಜು ಕಾಣ್ತೈತೆ ಕಣಪ್ಪ" ಎಂದಳು. ಎರಡು ಕಣ್ಣಿಗೂ ಪೊರೆ. ಹಿರಿಯೂರಿನ ಕಣ್ಣಿನ ಕ್ಯಾಂಪಿಗೆ ಹೋಗೋಣವೆಂದರೆ, "ನಾಳೆ ಮಣ್ಣಿಗೆ ಹೋಗೋಳಿಗೆ ಕಣ್ಣ್ಯಾಕೆ" ಅನ್ನುತ್ತಾಳೆ.

ಸಮಾಧಾನಕ್ಕೆಂದು ನಾನು ಕ್ಲಾಸಿನಲ್ಲಿ ಹೇಳುವ ಕಥೆಯನ್ನೇ ಹೇಳಿದೆ. ಅಮೆರಿಕದ ಬರಹಗಾರ ಮಾರ್ಕ್ ಟ್ವೇನ್ ಹುಟ್ಟಿದ್ದು ಇದಲ್ಲ, ಎಪ್ಪತ್ತೈದು-ಎಪ್ಪತ್ತಾರು ವರ್ಷಕ್ಕೊಮ್ಮೆ ಬರುವ ಹ್ಯಾಲಿ ಧೂಮಕೇತು ಬಂದ ವರ್ಷ. ಅದು ಮತ್ತೆ ಬಂದಾಗ ತೀರಿಕೊಂಡ. ಬರೀ ಕಾಕತಾಳೀಯ ಎಂದೂ ಸೇರಿಸಿದೆ. ಆ ಮಾತು ಮಾತ್ರ ಅವಳ ಕಿವಿಗೆ ಬೀಳಲಿಲ್ಲ.

"ನಾ ಹುಟ್ಟಿದ್ದೂ ಬಾಲದ ಚುಕ್ಕಿ ಬಂದ ವರ್ಷಾನೇ ಅಲ್ಲೇನಪ್ಪ?"

"ಹೂಂ ಕಣವ್ವ, ಅದೇ ಚುಕ್ಕಿ."

"ತಿರುಗಿ ಯಾವಾಗ ಬರ್ತೈತೆ?"

"ಇನ್ನು ಹತ್ತು ವರ್ಷಕ್ಕೆ."

ಬೆರಳು ಮಡಿಸಿ ಎಣಿಸಿದಳು. ಆಮೇಲೆ, "ಹಂಗಾರೆ ಹತ್ತು ವರ್ಷ ಕುಲ್ಡಿಯಾಗಿ ಕುಂತ್ಕಳ್ಳಾಕೆ ಆಗ್ತೈತಾ? ಕರ್ಕಂಡೋಗು ನಿಮ್ಮ ಕ್ಯಾಂಪಿಗೆ. ಅದು ಬಂದಾಗ ನೋಡ್ಬೇಕು ನಾನು."

ಧೂಮಕೇತುವಿಗೂ ಸಾವಿಗೂ ಸಂಬಂಧವಿಲ್ಲವೆಂದು ಮೊನ್ನೆ ತಾನೇ ಮಕ್ಕಳಿಂದ ಬರೆಸಿದ ಮೇಷ್ಟ್ರು ನಾನು. ಅವ್ವನಿಗೂ ತಿದ್ದಿ ಹೇಳಬೇಕಿತ್ತು. ಸಂಜೆ ಅವಳು ಪಕ್ಕದ ಮನೆಯ ಓಬಕ್ಕನಿಗೆ, "ಇನ್ನೂ ಹತ್ತು ವರ್ಷ ಐತೆ ಕಣೇ ನಂದು" ಎಂದು ನಗುತ್ತಿದ್ದಳು. ಅವಳು ಹಾಗೆ ನಕ್ಕಿದ್ದನ್ನು ಕೇಳಿ ಎಷ್ಟೋ ದಿನವಾಗಿತ್ತು.

ಕ್ಯಾಂಪು ಬುಧವಾರ. ಕಣ್ಣಿನ ಪಟ್ಟಿ ಬಿಚ್ಚಿದ ಮೇಲೆ ಹೇಳಿದರಾಯಿತು.

ಬೇಡ. ಎಂಬತ್ತಾರನೇ ಇಸವಿ ಕಳೆದ ಮೇಲೆ ಹೇಳುತ್ತೇನೆ.