ಬೋಣಿಗೆಂದು ಬರೆದ ಕಮೆಂಟ್

ಮಾಣಿಕನಗರ, ಹುಮನಾಬಾದ
ದಿ. ೧೮-೭-೨೦೨೫

ಪ್ರೀತಿಯ ತಮ್ಮಾ ಸಂಜೀವಕುಮಾರ,

ಹೇಗಿದ್ದೀಯ? ನಿನ್ನ ಪುಟ್ಟ ಮಗಳು ಪೂನಂಳ ಕೆಮ್ಮು ಕಡಿಮೆಯಾಯಿತೇ? ಅವಳಿಗೆ ಜ್ಯೇಷ್ಠಮಧು ಕೊಡು, ನಿಮ್ಮ ಕಂಪನಿಯ ಔಷಧಿ ಬೇಡ. ಇಲ್ಲಿ ಅವ್ವ ಈಗ ಮಠಕ್ಕೆ ನಡೆದೇ ಹೋಗಿಬರುತ್ತಾಳೆ, ಆದರೆ ಊಟ ಸೇರುತ್ತಿಲ್ಲ, ಹೊಟ್ಟೆ ಉರಿ ಎನ್ನುತ್ತಾಳೆ. ಫೋನ್ ಮಾಡಿದರೆ "ಮೀಟಿಂಗದಾಗ ಅದೀನಿ ಅಕ್ಕಾ" ಎಂದು ಇಟ್ಟುಬಿಡುತ್ತೀಯ. ಅದಕ್ಕೇ ಈ ಕಾಗದ, ಪೂರ್ತಿ ಓದು.

ನಿಮ್ಮ ಕಂಪನಿಯ ಮೊಣಕಾಲು ನೋವಿನ ಗುಳಿಗೆಯ ಜಾಹೀರಾತು ವಿಡಿಯೋ ಕೆಳಗೆ ನಾನು ಕಮೆಂಟ್ ಹಾಕಿದ್ದು ಯಾಕೆಂದು ನಿನಗೆ ಗೊತ್ತು. ಮನೆಯವರು ಹೊಸ ವ್ಯಾಪಾರ ಹೂಡಿದರೆ ಮೊದಲ ಬೋಣಿ ಹೆಣ್ಣುಮಗಳದು, ಆಗ ಒಳ್ಳೆಯ ಮಾತನ್ನೇ ಆಡಬೇಕು. ನನ್ನ ಬಳೆ ಅಂಗಡಿಗೂ ಅತ್ತೆ ಹಾಗೆಯೇ ಬೋಣಿ ಮಾಡಿದ್ದಳು. ಅದೇ ರೂಢಿಯಿಂದ "ನನ್ನ ತಮ್ಮನ ಗುಳಿಗೆ, ಎಲ್ಲರ ನೋವು ಹೋಗಲಿ" ಎಂದು ಬರೆದೆ. ಅದು ಹಾರೈಕೆಯಪ್ಪ, ಸಾಕ್ಷಿಯಲ್ಲ. ನೀವು ಅದನ್ನು "ನನ್ನ ನೋವು ಹೋಯಿತು" ಎಂದು ತಿದ್ದಿ, ನನ್ನ ಫೋಟೋ ಅಂಟಿಸಿ, ಬಸವಕಲ್ಯಾಣದ ಔಷಧಿ ಅಂಗಡಿಗಳವರೆಗೆ ಚೀಟಿ ಹಂಚಿದ್ದೀರಿ. ಆ ಗುಳಿಗೆಯನ್ನು ನಾನು ಮುಟ್ಟಿಯೂ ಇಲ್ಲ. ನಾಚಿಕೆಯಾಗಲಿಲ್ಲವೇ ನಿನಗೆ?

ಬಸವಕಲ್ಯಾಣದ ನನ್ನ ಗೆಳತಿ ಗಂಗುಬಾಯಿ ಡಾಕ್ಟರನ್ನು ಕೇಳದೆ ಅದನ್ನು ತಗೊಂಡು, ರಕ್ತ ವಾಂತಿ ಮಾಡಿ ಆಸ್ಪತ್ರೆ ಸೇರಿದಳು. ನೋಡಲು ಹೋದರೆ "ನಿನ್ನ ಫೋಟೋ ನೋಡೇ ನುಂಗೀನಿ ತುಳಜಾ" ಎಂದಳು. ನನಗೆ ಅವಳ ಹಾಸಿಗೆಯ ಪಕ್ಕ ಕೂರಲಾಗಲಿಲ್ಲ. ಚೇತರಿಸಿಕೊಂಡ ಮೇಲೆ ನಡೆದದ್ದನ್ನು ಅದೇ ವಿಡಿಯೋ ಕೆಳಗೆ ಬರೆದಳು. ಸಂಜೆಯೊಳಗೆ ಮಾಯ. ನಾನು ಬರೆದೆ, ಅದೂ ಮಾಯ. ಕೇಳಿದರೆ ನೀನು, "ಕೆಟ್ಟ ಕಮೆಂಟ್ ಇದ್ರ ಮಾಲು ಹೋಗಂಗಿಲ್ಲ ಅಕ್ಕಾ, ನಾನೇ ತೆಗಿಸೀನಿ" ಎಂದೆ. ಹೋಗದಿದ್ದರೆ ಬಿಡಲಿ. ನನ್ನ ಬಳೆ ಒಡೆದು ಗಿರಾಕಿಯ ಕೈ ಕೊಯ್ದರೆ ನಾನು ಅವಳ ಬಾಯಿ ಮುಚ್ಚುತ್ತೇನೆಯೇ? ನನ್ನ ಫೋಟೋ ತೆಗೆಸು, ಗಂಗುಬಾಯಿ ಬರೆದದ್ದನ್ನು ಮರಳಿ ಹಾಕಿಸು.

ಪೂನಂಗೆ ಆಶೀರ್ವಾದ. ನಿನ್ನದನ್ನು ಸಿಟ್ಟು ಇಳಿದ ಮೇಲೆ ಕಳಿಸುತ್ತೇನೆ.

ನಿನ್ನ ಅಕ್ಕ,
ತುಳಜಾಬಾಯಿ

ತಾ.ಕ.: ಲಕೋಟೆ ಹುಡುಕುತ್ತ ಅವ್ವನ ಪೆಟ್ಟಿಗೆ ತೆರೆದೆ. ನಿಮ್ಮದೇ ಗುಳಿಗೆ, ಡಬ್ಬಿ ಅರ್ಧ ಖಾಲಿ. ಮುಂಜಾನೆಯೂ ನುಂಗಿದ್ದಾಳೆ. ಕಸಿದುಕೊಳ್ಳಲು ಹೋದರೆ ಬಿಡಲಿಲ್ಲ. ಗಂಗುಬಾಯಿಗೆ ಆದದ್ದು ಹೇಳಿದರೆ "ಆಕಿ ಮತ್ತೇನ ತಿಂದಿದ್ಳೋ" ಎಂದಳು. "ಇಷ್ಟು ಮಂದಿ ಛಲೋ ಅದ ಅಂತ ಬರದಾರ. ಒಬ್ಬರರೆ ಕೆಟ್ಟದ ಅಂದಾರೇನು, ತೋರ್ಸು" ಎಂದು ಫೋನನ್ನು ನನ್ನ ಕೈಗಿಟ್ಟಳು. ತೋರಿಸಲು ನೀನು ಒಂದನ್ನೂ ಉಳಿಸಿಲ್ಲ.