ಬಿಂದೂ, ಕಾಲು!

ಅಟ್ಟೂರು ಲೇಔಟ್, ಯಲಹಂಕ
ಭಾನುವಾರ, 23 ನವೆಂಬರ್ 2025

ಪ್ರೀತಿಯ ಮಗಳು ಬಿಂದುಶ್ರೀಗೆ,

ಹೇಗಿದ್ದೀಯ ಮಗಳೇ? ಮಂಡಿ ನೋವು ಕಡಿಮೆಯಾಯಿತಾ? ರಾತ್ರಿ ಬಿಸಿನೀರಿನ ಶಾಖ ಕೊಡು ಎಂದರೆ ಸೋಮಾರಿತನ ಮಾಡಬೇಡ. ಹಾಸ್ಟೆಲಿನ ಸಾಂಬಾರು ಬರೀ ನೀರು ಎಂದು ನೀನು ಹೇಳಿದ್ದೇ ಹೇಳಿದ್ದು, ನಿನ್ನಮ್ಮ ಚಟ್ನಿಪುಡಿ, ನಿಪ್ಪಟ್ಟು, ಕೋಡುಬಳೆ ಎಂದು ಡಬ್ಬಿ ಮೇಲೆ ಡಬ್ಬಿ ತುಂಬಿಕೊಂಡು ಮೈಸೂರಿಗೆ ಹೊರಟಿದ್ದಾಳೆ. ಒಬ್ಬಳೇ ತಿನ್ನಬೇಡ, ರೂಮಿನವರಿಗೂ ಕೊಡು. ಈ ಪತ್ರವನ್ನು ಅವಳ ಕೈಯಲ್ಲೇ ಕಳಿಸುತ್ತಿದ್ದೇನೆ. ಈ ಕಾಲದಲ್ಲಿ ಯಾರಪ್ಪ ಪತ್ರ ಬರೀತಾರೆ ಎಂದು ನೀನು ನಗಬಹುದು. ಫೋನ್ ಮಾಡಿದರೆ ಪಕ್ಕದಲ್ಲಿ ವಾರ್ಡನ್ ನಿಂತಿರುತ್ತಾರೆ ಎಂಬುದು ಒಂದು ನೆಪ ಅಷ್ಟೆ. ನಿನ್ನ ದನಿ ಕೇಳಿದರೆ ನನಗೆ ಮಾತು ಹೊರಡುವುದಿಲ್ಲ.

ಇಲ್ಲಿ ನನ್ನ ಕೋಚಿಂಗಿನ ಹುಡುಗಿಯರನ್ನು ಹಿಡಿಯುವವರಿಲ್ಲ. ಪಾರ್ಕಿನ ಪಕ್ಕದ ಬ್ಯಾಸ್ಕೆಟ್‌ಬಾಲ್ ಕೋರ್ಟಿನಲ್ಲಿ, ಆ ಸೊಟ್ಟ ರಿಂಗಿಗೆ ಚೆಂಡು ಹಾಕಿ ಕಲಿತವರು ಜಾಲಹಳ್ಳಿಯ ಫೈನಲ್ಲಿನಲ್ಲಿ ನಿಮ್ಮಂಥ ಕ್ರೀಡಾ ಹಾಸ್ಟೆಲ್ ಟೀಮನ್ನು ಸೋಲಿಸಿದರೆಂದರೆ ಸುಮ್ಮನೆಯೇ? ಕ್ಯಾಪ್ಟನ್ ಅಸ್ಮಾ ಕಪ್ಪನ್ನು ಸ್ಕೂಲಿಗೂ ಹೊತ್ತುಕೊಂಡು ಹೋಗಿದ್ದಳಂತೆ. ಅವಳಪ್ಪ ಅಕ್ಬರ್ ಪಾಷಾ ಇಡೀ ಟೀಮಿಗೆ ಬಿರಿಯಾನಿ ಮಾಡಿಸಿದರು. ನೀನಿದ್ದಾಗ ಒಂದು ಕಪ್ಪೂ ಬರಲಿಲ್ಲ, ಹೋದ ಮೇಲೆ ಬಂತು ನೋಡು ಎಂದು ನಿನ್ನನ್ನು ರೇಗಿಸಬೇಕೆಂದಿದ್ದೆ. ಆ ತಮಾಷೆ ಈಗ ಬೇಡವೆನಿಸಿದೆ.

ಆ ಕೊನೆಯ ಗಳಿಗೆಯ ವಿಷಯಕ್ಕೇ ಬರುತ್ತೇನೆ. ನಾವು ಒಂದೇ ಪಾಯಿಂಟು ಮುಂದಿದ್ದೆವು, ಆಟ ಮುಗಿಯುವುದರಲ್ಲಿತ್ತು. ಅಸ್ಮಾ ನಿನ್ನ ಕೈಗೆ ಹೊಡೆದು ಫೌಲ್ ಮಾಡಿದಳು, ನಿನಗೆ ಎರಡು ಫ್ರೀ ಥ್ರೋ ಸಿಕ್ಕಿತು. ಎರಡೂ ಬಿದ್ದಿದ್ದರೆ ಕಪ್ಪು ನಿಮ್ಮದು. ನೀನು ಚೆಂಡು ಎತ್ತಿದೆ, ನಾನು ನಮ್ಮ ಬೆಂಚಿನ ಕಡೆಯಿಂದ "ಬಿಂದೂ, ಕಾಲು!" ಎಂದು ಕೂಗಿದೆ. ಚಿಕ್ಕವಳಿದ್ದಾಗ ನಿನಗೆ ಆತುರ ಜಾಸ್ತಿ. ಚೆಂಡು ಕೈಬಿಡುವ ಮೊದಲೇ ಗೆರೆ ತುಳಿದುಬಿಡುತ್ತಿದ್ದೆ. ತುಳಿದ ಮೇಲೆ ಚೆಂಡು ಬುಟ್ಟಿಗೆ ಬಿದ್ದರೂ ಲೆಕ್ಕಕ್ಕಿಲ್ಲ. ಆ ಚಾಳಿ ಬಿಡಿಸಲು ವರ್ಷಗಟ್ಟಲೆ ನಾನು ಹೀಗೇ ಕೂಗುತ್ತಿದ್ದೆ, ನೀನು ತಕ್ಷಣ ಕೆಳಗೆ ನೋಡುತ್ತಿದ್ದೆ. ಅವತ್ತೂ ನೀನು ಕೆಳಗೆ ನೋಡಿದೆ. ಚೆಂಡು ರಿಂಗಿನ ಅಂಚಿಗೆ ಬಡಿದು ಆಚೆ ಹೋಯಿತು. ಎರಡನೆಯದಕ್ಕೆ ನೀನಾಗಿಯೇ ಹಿಂದಕ್ಕೆ ಸರಿದು ನಿಂತೆ. ಅದು ರಿಂಗನ್ನು ಮುಟ್ಟಲೇ ಇಲ್ಲ.

ಬೇರೆ ಯಾವ ಕೋಚ್ ಹಾಗೆ ಕೂಗಿದ್ದರೂ ರೆಫ್ರಿ ಶಿವಶರಣಪ್ಪನವರು ಸುಮ್ಮನಿರುತ್ತಿರಲಿಲ್ಲ. ನನ್ನನ್ನು ನೋಡಿದರು, ನಿನ್ನನ್ನು ನೋಡಿದರು, ಅಪ್ಪ ಮಗಳು ಎಂದು ನಕ್ಕುಬಿಟ್ಟರು. ಆಟ ಮುಗಿಯುತ್ತಲೇ ಅಕ್ಬರ್ ಪಾಷಾ ನನ್ನನ್ನು ತಬ್ಬಿಕೊಂಡು, "ಎದುರು ಟೀಮಲ್ಲಿದ್ರೂ ಮಗಳಿಗೆ ತಪ್ಪು ತಿದ್ದಿದ್ರಲ್ಲ ಸಾರ್, ಅಪ್ಪ ಅಂದ್ರೆ ಹಿಂಗಿರ್ಬೇಕು ಕಣ್ರೀ" ಎಂದರು. ಆ ಮಾತು ಲೇಔಟಿನ ವಾಟ್ಸಾಪ್ ಗುಂಪಿಗೆ ಬಿತ್ತು, ಅಲ್ಲಿಂದ ರೆಕ್ಕೆಪುಕ್ಕ ಬಂತು. ನಿನ್ನೆ ಸಂಜೆ ಲೇಔಟಿನ ರಾಜ್ಯೋತ್ಸವ. ನನ್ನನ್ನು ವೇದಿಕೆಗೆ ಕರೆದು, ಶಾಲು ಹೊದಿಸಿ, ತಲೆಗೆ ಮೈಸೂರು ಪೇಟ ಇಟ್ಟು, ಸೋಲು ಗೆಲುವು ನೋಡದ ಗುರು ಎಂದು ಮೈಕಿನಲ್ಲಿ ಕೊಂಡಾಡಿದರು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುತ್ತಾರಲ್ಲ, ಹಾಗೆ ಚಪ್ಪಾಳೆ ಬಿದ್ದಾಗಲೆಲ್ಲ ನಾನು ಹೆಗಲ ಮೇಲಿನ ಶಾಲು ಸರಿಮಾಡಿಕೊಳ್ಳುತ್ತಿದ್ದೆ. ಇದಕ್ಕೆಲ್ಲ ನಾನು ಯೋಗ್ಯನಲ್ಲ ಎಂದೆ. ಎಂಥ ವಿನಯ ಎಂದು ಇನ್ನೊಂದು ಸಲ ಚಪ್ಪಾಳೆ ಹೊಡೆದರು. ನಿನ್ನಮ್ಮ ಮುಂದಿನ ಸಾಲಿನಲ್ಲಿ ಕೂತು ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದಳು.

ಮನೆಗೆ ಬಂದ ಮೇಲೆ ಅವಳು ನಿನ್ನ ಫೋನಿನ ವಿಷಯ ಹೇಳಿದಳು. ನೀನೀಗ ಗೆರೆಯಿಂದ ಒಂದು ಗೇಣು ಹಿಂದೆ ನಿಂತು ಎಸೆಯುತ್ತಿದ್ದೀಯಂತೆ, ಒಂದೂ ಬೀಳುತ್ತಿಲ್ಲವಂತೆ. ಬುಧವಾರ ರಾಜ್ಯ ತಂಡದ ಆಯ್ಕೆ, ಹೀಗೇ ಆದರೆ ನಿನ್ನ ಹೆಸರು ಕಳಿಸುವುದಿಲ್ಲ ಎಂದರಂತೆ ನಿನ್ನ ಕೋಚ್. ಮೊದಲಿನ ಹಾಗೇ ನಿಲ್ಲು ಎಂದು ಅವರೇ ಹೇಳಿದರೂ ನೀನು ಕೇಳಲಿಲ್ಲವಂತೆ. "ಅಪ್ಪನೇ ನೋಡಿ ಹೇಳಿದ್ಮೇಲೆ ಕಾಲು ತಪ್ಪಿರ್ಲೇಬೇಕಲ್ವಾಮ್ಮ, ಅಪ್ಪಂಗೆ ಥ್ಯಾಂಕ್ಸ್ ಹೇಳ್ಬಿಡು" ಎಂದೆಯಂತೆ. ನೀನು ಸಿಟ್ಟು ಮಾಡಿಕೊಂಡಿದ್ದರೆ ತಡೆದುಕೊಳ್ಳುತ್ತಿದ್ದೆ. ಆ ಥ್ಯಾಂಕ್ಸ್ ಕೇಳಿ ತಟ್ಟೆಯ ಮುಂದಿನಿಂದ ಎದ್ದುಬಿಟ್ಟೆ. ನಾಚಿಕೆಯಾಗುತ್ತದೆ ಮಗಳೇ, ನಿನ್ನಮ್ಮನ ಮುಖ ನೋಡಲೂ ನಾಚಿಕೆ.

ನೀನು ಹಾಸ್ಟೆಲಿಗೆ ಹೊರಟಾಗ ಹಿತ್ತಲ ಗಿಡ ಮದ್ದಲ್ಲ ಎಂದು ಎಲ್ಲರೆದುರು ನಗುನಗುತ್ತ ಹೇಳಿದ್ದೆ. ಅದು ಪೂರ್ತಿ ನಗುವಾಗಿರಲಿಲ್ಲ. ಮಗಳೇ ಉಳಿಯದ ಮೇಲೆ ಇವನೆಂಥ ಕೋಚ್ ಎಂದು ಜನ ಆಡಿಕೊಂಡದ್ದು ನನ್ನ ಕಿವಿಗೂ ಬಿದ್ದಿತ್ತು. ಜಾಲಹಳ್ಳಿಯಲ್ಲಿ ಬುಟ್ಟಿಗೆ ಹಾಕಿದಾಗಲೆಲ್ಲ ನೀನು ಶಹಭಾಸ್‌ಗೆಂದು ನಿಮ್ಮ ಟೀಮಿನ ಬೆಂಚಿನ ಕಡೆ ನೋಡುತ್ತಿದ್ದೆ. ಅದು ಸರಿಯೇ, ಅವರು ನಿನ್ನ ಕೋಚ್. ಆದರೂ ನನಗೆ ಹೊಟ್ಟೆ ಉರಿಯಿತು. ಏನೇ ಇರಲಿ, ಆಟದ ಮಧ್ಯೆ ನಾನು ಕೂಗಬಾರದಿತ್ತು. ಅಭ್ಯಾಸಬಲ ಎಂದುಕೋ. ನಾನು ನಿಂತಿದ್ದ ಜಾಗದಿಂದ ಗೆರೆ ಅಷ್ಟು ಸರಿಯಾಗಿ ಕಾಣುವುದೂ ಇಲ್ಲ. ಕೋಚ್ ಹೇಳಿದಂತೆ ಮೊದಲು ನಿಲ್ಲುತ್ತಿದ್ದಲ್ಲೇ ನಿಂತು ನೋಡು.

ಮುನಿಕೃಷ್ಣಮ್ಮ ಅಜ್ಜಿ ಶುಕ್ರವಾರ ಮಾರಮ್ಮನ ಗುಡಿಯಲ್ಲಿ ನಿನ್ನ ಹೆಸರಿಗೆ ನಿಂಬೆಹಣ್ಣಿನ ದೀಪ ಹಚ್ಚಿ, "ನನ್ ಕೂಸ್ಗೆ ಯಾರ್ ಕಣ್ಣೂ ತಾಗ್ದಿರ್ಲಿ ತಾಯೀ" ಎಂದು ಕೈಮುಗಿದಳು. ಪಕ್ಕದಲ್ಲಿ ನಾನೂ ನಿಂತಿದ್ದೆ. ಹೊತ್ತಿಗೆ ಸರಿಯಾಗಿ ಊಟ ಮಾಡು, ಮಂಡಿ ಜೋಪಾನ. ನಿನಗೆ ಒಳ್ಳೆಯದಾಗಲಿ ಎಂದು ಹರಸುವ,

ನಿನ್ನ ಅಪ್ಪ
ಅಶ್ವತ್ಥ್

ತಾ.ಕ.: ಆಟೋ ಬಂತು, ನಿನ್ನಮ್ಮ ಬಾಗಿಲಲ್ಲಿ ನಿಂತು ಪತ್ರ ಕೊಡಿ ಎನ್ನುತ್ತಿದ್ದಾಳೆ. ಬಿಂದೂ, ಅಭ್ಯಾಸಬಲ ಎಂದು ಬರೆದದ್ದು ಸುಳ್ಳು. ಗೆರೆ ಕಾಣುವುದಿಲ್ಲ ಎಂದದ್ದೂ ಸುಳ್ಳು. ನನಗೆ ಚೆನ್ನಾಗಿ ಕಾಣುತ್ತಿತ್ತು. ನಿನ್ನ ಕಾಲು ಗೆರೆ ಮುಟ್ಟಿರಲಿಲ್ಲ, ಹೆಬ್ಬೆರಳ ತುದಿ ಕೂಡ ಮುಟ್ಟಿರಲಿಲ್ಲ. ನೀನು ನಿಂತ ರೀತಿ ನೋಡಿಯೇ ಎರಡೂ ಬೀಳುತ್ತವೆ ಎಂದು ಗೊತ್ತಾಯಿತು. ನಾನು ಕೂಗಿದರೆ ನೀನು ಕೆಳಗೆ ನೋಡುತ್ತೀಯ ಎಂದೂ ಗೊತ್ತಿತ್ತು, ಅದಕ್ಕೇ ಕೂಗಿದೆ. ಈ ಪತ್ರವನ್ನು ನಿನ್ನ ಕೋಚಿಗೆ ತೋರಿಸು, ಅಮ್ಮನಿಗೂ ಓದಿ ಹೇಳು, ನನ್ನ ಬಾಯಲ್ಲಿ ಬರಲಿಲ್ಲ. ಅಸ್ಮಾಗೂ ಹುಡುಗಿಯರಿಗೂ ಸಂಜೆ ನಾನೇ ಹೇಳುತ್ತೇನೆ, ಅವರ ತಪ್ಪೇನೂ ಇಲ್ಲ. ಬುಧವಾರ ನಿನ್ನ ಜಾಗದಲ್ಲೇ ನಿಲ್ಲು. ಇನ್ನು ಮುಂದೆ ನಾನು ಎಷ್ಟೇ ಕೂಗಿದರೂ ಕೆಳಗೆ ನೋಡಬೇಡ.