ಅರಿಶಿನ ಹಚ್ಚಬೇಡಿ, ಸಾವಂತ್ರೆವ್ವ

ನೂವೆಲ್‌ರಿವ್, ಫ್ರಾನ್ಸ್
ಫೆಬ್ರವರಿ ೩೦, ೨೨೧೪

ಪೂಜ್ಯ ಸಾವಂತ್ರೆವ್ವನವರಿಗೆ, ನಿಮ್ಮ ಮರಿಮೊಮ್ಮಗಳ ಮರಿಮೊಮ್ಮಗಳು ನೀಲವ್ವ ಮಾಡುವ ನಮಸ್ಕಾರಗಳು. ತಾರೀಖು ನೋಡಿ ಗಾಬರಿಯಾಗಬೇಡಿ. ಕಚೇರಿಗಳ ಬಾಕಿ ಕೆಲಸ ಮುಗಿಯಲೆಂದು ಇಲ್ಲಿನ ಸರ್ಕಾರ ಫೆಬ್ರವರಿಯನ್ನು ಉದ್ದ ಮಾಡಿದೆ. ಆ ಹೆಚ್ಚಿನ ದಿನವೂ ಮಧ್ಯಾಹ್ನಕ್ಕೇ ಬಾಗಿಲು ಹಾಕುತ್ತಾರೆ. ನನ್ನ ಕನ್ನಡ ವಿಚಿತ್ರವೆನಿಸಿದರೆ ಕ್ಷಮಿಸಿ, ಕಿವಿಯಿಂದ ಕಲಿತದ್ದು. ಈ ಕಾಗದ ಹಿಂದಂಚೆಯಲ್ಲಿ, ಅಂದರೆ ಕಳೆದ ಕಾಲಕ್ಕೆ ಹೋಗುವ ಅಂಚೆಯಲ್ಲಿ ಬರುತ್ತದೆ. ಫ್ರಾನ್ಸಿಗೆಂದು ನೀವು ಗದಗ ಬಿಡುವ ಮುಂಚೆ ತಲುಪಬೇಕು.

ನಾವು ಸಮುದ್ರದ ನೀರನ್ನು ಸಿಹಿಮಾಡಿ ಕುಡಿಯುತ್ತೇವೆ, ನಮ್ಮ ಮನೆಗಳು ಬಿಸಿಲಿಗೆ ತಾವೇ ಬೆನ್ನು ತಿರುಗಿಸುತ್ತವೆ. ವಿದೇಶಿಯರ ಕಚೇರಿ ಮಾತ್ರ ನೀವು ಕಾಣಲಿರುವ ಹಾಗೆಯೇ ಇದೆ. ಮೊದಲು ‘ಬೋಂಜೂರ್’ ಎಂದು ನಮಸ್ಕಾರ ಹೇಳದಿದ್ದರೆ ಕಿಟಕಿಯ ಹಿಂದಿನವರು ತಲೆಯೆತ್ತುವುದಿಲ್ಲ. ವಿದ್ಯುತ್ತು ಪುಕ್ಕಟೆಯಾಗಿ ಒಂದು ತಲೆಮಾರು ಕಳೆದರೂ ವಿಳಾಸದ ಸಾಕ್ಷಿಗೆ ವಿದ್ಯುತ್ ಬಿಲ್ಲೇ ಆಗಬೇಕು. ಸೊನ್ನೆಯ ಬಿಲ್ಲಿಗಾಗಿ ಇನ್ನೊಂದು ಕಚೇರಿಗೆ ಅಲೆದೆ. ಅವರು ಮೊದಲು ವಾಸದ ಪರವಾನಗಿ ತನ್ನಿ ಎಂದರು. ಹುಚ್ಚು ಬಿಡದ ಹೊರತು ಮದುವೆಯಾಗದು, ಮದುವೆಯಾಗದ ಹೊರತು ಹುಚ್ಚು ಬಿಡದು.

ಹೇಗೋ ಅದನ್ನೂ ದಾಟಿದೆ. ಈಗ ಹೊಸ ಕಾನೂನು ಬಂದಿದೆ: ಕುಟುಂಬದಿಂದ ಈ ನೆಲಕ್ಕೆ ಮೊದಲು ಬಂದವರ ಜನನ ಪತ್ರದ ಮೂಲಪ್ರತಿ ತೋರಿಸಬೇಕು. ನಿಮ್ಮದನ್ನು ನಾವು ಜೋಪಾನವಾಗಿ ಇಟ್ಟಿದ್ದೆವು. ಅಧಿಕಾರಿಣಿ ಅದನ್ನು ಬೆಳಕಿಗೆ ಹಿಡಿದು ನೋಡಿ, ಬಹಳ ವಿನಯದಿಂದ, ಇದನ್ನು ತಿದ್ದಲಾಗಿದೆ ಎಂದು ಹಿಂದಿರುಗಿಸಿದರು. ನಾಲ್ಕೂ ಮೂಲೆಗಳಲ್ಲಿ ಹಳದಿ ಕಲೆ. ಶುಭವಾಗಲೆಂದು ನೀವು ಹಚ್ಚಿದ ಅರಿಶಿನ! ಅದು ನಮ್ಮ ಪದ್ಧತಿ ಎಂದೆ. ಹಾಗೆಂದು ಒಂದು ಪ್ರಮಾಣಪತ್ರ ತನ್ನಿ ಎಂದರು. ಸೋಮವಾರದೊಳಗೆ ಕಲೆಯಿಲ್ಲದ ಪತ್ರ ತೋರಿಸದಿದ್ದರೆ ನನ್ನನ್ನು ತೇಲೂರಿಗೆ, ಕಾಗದವಿಲ್ಲದವರನ್ನು ಇಡುವ ಹಡಗಿಗೆ, ಕಳಿಸುತ್ತಾರೆ. ಮಗಳು ಹೊನ್ನಿಯ ಅಪ್ಪ ಇಲ್ಲಿಯವನಾದ್ದರಿಂದ ಅವಳು ಇಲ್ಲೇ ಉಳಿಯಬೇಕಂತೆ. ನನ್ನ ಸೆರಗು ಹಿಡಿಯದೆ ನಿದ್ದೆ ಮಾಡದ ಕೂಸು ಅದು. ನನಗೆ ಹೆದರಿಕೆಯಾಗುತ್ತಿದೆ, ಸಾವಂತ್ರೆವ್ವ.

ಅದಕ್ಕೇ ಕೈಮುಗಿದು ಬೇಡುತ್ತೇನೆ. ನಗರಸಭೆಯಿಂದ ಜನನ ಪತ್ರ ಬಂದ ದಿನ ಅದನ್ನು ದೇವರ ಮುಂದೆ ಇಡಬೇಡಿ, ಅರಿಶಿನದ ಬಟ್ಟಲು ಮುಟ್ಟಬೇಡಿ. ಹಾಗೇ ಪೆಟ್ಟಿಗೆಯಲ್ಲಿ ಇಟ್ಟುಬಿಡಿ.

ಹಿಂದಂಚೆಯವರೂ ಕಲೆಯಾದ ಕಾಗದ ಒಯ್ಯುವುದಿಲ್ಲ. ಮುದುಕರನ್ನು ಕಾನೂನು ಮುಟ್ಟದ ಕಾರಣ ನಿಶ್ಚಿಂತೆಯಾಗಿರುವ ನನ್ನ ಅವ್ವ ಇದು ಗೊತ್ತಿದ್ದೂ ಬಟ್ಟಲು ಹಿಡಿದು ಬಂದಳು. “ಇಂಥಾ ದೊಡ್ಡ ಕೆಲಸಕ್ಕ ಬರೇ ಕಾಗದ ಕಳಸ್ತಾರೇನ ಯವ್ವಾ?” ಎಂದಳು. ನಾನು ಗದರಿಸಿದೆ. ಅವಳು ಮುನಿಸಿಕೊಂಡು, ಬಟ್ಟಲನ್ನು ಮೇಜಿನ ಮೇಲೆಯೇ ಬಿಟ್ಟು ಹೋದಳು.

ಈ ಹಾಳೆಯ ಮೂಲೆ ನೋಡಿದರೆ ಉಳಿದದ್ದು ನಿಮಗೇ ತಿಳಿಯುತ್ತದೆ. ಹೊನ್ನಿಯ ಮುಖ ನೋಡುತ್ತ ಕೂತಿದ್ದೆ, ಕೈ ತಾನಾಗಿ ಬಟ್ಟಲಿಗೆ ಹೋಯಿತು. ಮತ್ತೆ ಬರೆಯಲು ಹೊತ್ತಿಲ್ಲ, ಅಂಚೆಯ ಬಾಗಿಲು ಹಾಕುತ್ತಿದ್ದಾರೆ. ಅವರ ಕಣ್ಣು ತಪ್ಪಿಸಿ ಇದು ನಿಮ್ಮನ್ನು ಮುಟ್ಟಿದರೆ, ನೀವಾದರೂ ಕೈ ತಡೆದುಕೊಳ್ಳಿ.

ನಿಮ್ಮ
ನೀಲವ್ವ